ಹೆಸರು ಹಿಡಿದು ಕರೆದ ಎಲೆ

ಹಿತ್ತಲಲ್ಲಿ ಕಾಡುಬಸಳೆ ಬೆಳೆಸಿದವರಿಗೆ ಅದರ ಹಟ ಗೊತ್ತು. ಒಂದು ಎಲೆ ಕಿತ್ತು ಒದ್ದೆ ಮಣ್ಣಿನ ಮೇಲೆ ಎಸೆದು ಮರೆತುಬಿಟ್ಟರೂ ಅಂಚಿನ ಕಚ್ಚುಕಚ್ಚಿನಿಂದ ಮರಿಸಸಿಗಳು ತಲೆಯೆತ್ತುತ್ತವೆ. ನಮ್ಮಲ್ಲಿ ಮೂತ್ರಪಿಂಡದ ಕಲ್ಲಿಗೆಂದು ಜಗಿಯುವ ಈ ಎಲೆಯನ್ನು ನೈಜೀರಿಯಾದ ಯೊರೂಬಾ ಜನ ‘ಅಬಾಮೊದಾ’ ಎನ್ನುತ್ತಾರೆ. ಬಿಡಿಸಿ ಹೇಳಿದರೆ ‘ನಾನು ಮಾಡಿದ ಸಂಕಲ್ಪ’ ಎಂಬಂಥ ಅರ್ಥ. ಅವರ ಇಫಾ ಸಂಪ್ರದಾಯದ ಪೂಜಾರಿ ಆ ಹೆಸರನ್ನೇ ಮಂತ್ರದೊಳಕ್ಕೆ ನೇಯ್ದು, ನೆನೆದದ್ದು ನಡೆಯಲಿ ಎನ್ನುತ್ತಾನೆ. ಎಲೆಯ ಶಕ್ತಿ ರಸದಲ್ಲಿ ಎಷ್ಟಿದೆಯೋ ಹೆಸರಿನಲ್ಲೂ ಅಷ್ಟಿದೆ ಎಂಬುದು ಅವರ ಲೆಕ್ಕ.

ನಿಸರ್ಗದೊಡನೆ ಬೆರೆಯುವುದು ಎಂದಕೂಡಲೆ ಈಗ ನೆನಪಾಗುವುದು ಹುಲ್ಲಿನ ಮೇಲೆ ಬರಿಗಾಲ ನಡಿಗೆ, ರೆಸಾರ್ಟಿನಲ್ಲಿ ಮರ ತಬ್ಬಿ ತೆಗೆಸಿಕೊಂಡ ಫೋಟೊ. ಇಫಾದ ರೀತಿ ಬೇರೆ. ಅಲ್ಲಿ ನಿಸರ್ಗ ಎಂಬ ಸಗಟು ಸರಕೇ ಇಲ್ಲ. ಇಂಥ ಮರ, ಇಂಥ ಹೊಳೆ, ಇಂಥ ಎಲೆ ಎಂದು ಬಿಡಿಬಿಡಿಯಾಗಿ ಪರಿಚಯ ಮಾಡಿಕೊಳ್ಳಬೇಕು, ಅಪ್ಪಣೆ ಕೇಳಬೇಕು, ತೆಗೆದುಕೊಂಡದ್ದಕ್ಕೆ ಏನಾದರೂ ಕೊಡಬೇಕು.

ಮೂಲದಲ್ಲಿ ಇಫಾ ಒಂದು ಕಣಿ ಪದ್ಧತಿ. ಅರಿವಿನ ದೈವ ಒರುನ್ಮಿಲಾನ ಮಾತನ್ನು ತಿಳಿದು ಹೇಳುವವನು ಬಾಬಲಾವೊ, ಅಂದರೆ ‘ಗುಟ್ಟುಗಳ ಅಪ್ಪ’. ಕಣಿ ಹೇಳಲು ಕೂತವನ ಮುಂದಿನ ಸಾಮಾನು ನೋಡಿದರೆ ಕಾಡೇ ಅಂಗಳಕ್ಕೆ ಬಂದ ಹಾಗಿರುತ್ತದೆ. ಮರದ ಹಲಗೆ, ಅದರ ಮೇಲೆ ಗೆದ್ದಲು ತಿಂದ ಇರೋಸುನ್ ಮರದ ಹಳದಿ ಪುಡಿ, ಪಕ್ಕದಲ್ಲಿ ಹದಿನಾರು ಎಣ್ಣೆತಾಳೆ ಬೀಜ. ನಮ್ಮ ಅಂಗಡಿಗಳ ಪಾಮೋಲಿನ್ ಕೂಡ ಇದೇ ಜಾತಿಯ ಮರದ್ದು. ತೆಂಗಿನಕಾಯಿಗೆ ಇರುವಂತೆ ಈ ಬೀಜಕ್ಕೂ ಸಾಮಾನ್ಯವಾಗಿ ಮೂರು ಕಣ್ಣು. ಇಫಾಗೆ ನಾಲ್ಕು ಅಥವಾ ಹೆಚ್ಚು ಕಣ್ಣಿನವೇ ಬೇಕು. ಅಂಥವನ್ನು ‘ಇಕಿನ್’ ಎನ್ನುತ್ತಾರೆ, ಅವುಗಳಿಂದ ಎಣ್ಣೆ ತೆಗೆಯುವುದಿಲ್ಲ.

ಬಾಬಲಾವೊ ಹದಿನಾರನ್ನೂ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಒಂದೇ ಸಲಕ್ಕೆ ಬಾಚಿಕೊಳ್ಳುತ್ತಾನೆ. ಎಡಗೈಯಲ್ಲಿ ಒಂದು ಬೀಜ ಉಳಿದರೆ ಪುಡಿಯ ಮೇಲೆ ಬೆರಳಿನಿಂದ ಎರಡು ಗೀಟು, ಎರಡು ಉಳಿದರೆ ಒಂದು ಗೀಟು. ಬೇರೆ ಎಷ್ಟು ಉಳಿದರೂ ಆ ಸಲ ಲೆಕ್ಕಕ್ಕಿಲ್ಲ, ಮತ್ತೆ ಬಾಚಬೇಕು. ಹೀಗೆ ಎಂಟು ಗುರುತು ಕೂಡುವವರೆಗೆ. ಎಂಟು ಜಾಗ, ಒಂದೊಂದಕ್ಕೂ ಎರಡು ಸಾಧ್ಯತೆ, ಒಟ್ಟು 256 ಆಕೃತಿ. ಇವುಗಳಿಗೆ ‘ಒದು’ ಎಂದು ಹೆಸರು. ಕನ್ನಡದ ಕಿವಿಗೆ ಅದು ‘ಓದು’ ಎಂದೇ ಬಿದ್ದರೆ ಅಡ್ಡಿಯಿಲ್ಲ, ನಡೆಯುವುದೂ ಹೆಚ್ಚುಕಡಿಮೆ ಅದೇ. ಬಂದ ಆಕೃತಿಗೆ ಸೇರಿದ ಕಥನಪದ್ಯಗಳನ್ನು ಬಾಬಲಾವೊ ನೆನಪಿನಿಂದ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಅವುಗಳಲ್ಲಿ ಕಣಿ ಕೇಳಲು ಬಂದವರು ಮನುಷ್ಯರಷ್ಟೇ ಅಲ್ಲ. ಮರ, ಹಕ್ಕಿ, ಮೃಗಗಳೂ ಕಷ್ಟ ಹೇಳಿಕೊಂಡು ಬಂದಿರುತ್ತವೆ. ಎದುರಿಗೆ ಕೂತವರು ತಮ್ಮ ಸಂಕಟವನ್ನು ಯಾವುದೋ ಒಂದು ಕಥೆಯಲ್ಲಿ ಗುರುತಿಸಿಕೊಳ್ಳುತ್ತಾರೆ. ಆ ಕಥೆಯೇ ಮುಂದಿನ ದಾರಿ: ಏನನ್ನು ಅರ್ಪಿಸಬೇಕು, ಎಲ್ಲಿ, ಯಾವ ಎಲೆ ಬೇಕು. ಅರ್ಪಣೆಯಲ್ಲಿ ಕೋಳಿ, ಮೇಕೆಯ ಬಲಿಯೂ ಇರುತ್ತದೆ. ಇದನ್ನು ಮರೆಸಿ ಇಫಾವನ್ನು ಬರೀ ಸೌಮ್ಯ ‘ಪ್ರಕೃತಿ ಧ್ಯಾನ’ ಎಂದು ತೋರಿಸುವುದು ಸರಿಯಲ್ಲ.

ಎಲೆಗಳ ಒಡೆಯ ಒಸಾನ್ಯಿನ್. ಅವನಿಗೆ ಒಂದೇ ಕಣ್ಣು, ಒಂದೇ ಕೈ, ಒಂದೇ ಕಾಲು. ಎಲ್ಲ ಎಲೆಗಳನ್ನೂ ಅವನು ತನ್ನಲ್ಲೇ ಇಟ್ಟುಕೊಂಡಿದ್ದನಂತೆ. ಒಂದು ದಿನ ಬಿರುಗಾಳಿ ಎದ್ದು ಎಲೆಗಳೆಲ್ಲ ಚೆಲ್ಲಾಪಿಲ್ಲಿಯಾದವು, ಉಳಿದ ದೈವಗಳು ಕೈಗೆ ಸಿಕ್ಕಷ್ಟು ಬಾಚಿಕೊಂಡವು. ಎಲೆ ಸಿಕ್ಕಿತು ನಿಜ, ಅದನ್ನು ಎಬ್ಬಿಸುವ ಮಾತು ಒಸಾನ್ಯಿನ್ ಹತ್ತಿರವೇ ಉಳಿಯಿತು. ಕಲಿಯುವವರು ಗಿಡದ ಗುರುತಿನ ಜೊತೆಗೆ ಅದರ ಮಂತ್ರವನ್ನೂ ಬಾಯಿಪಾಠ ಮಾಡುವುದು ಇದಕ್ಕೇ. ಫ್ರೆಂಚ್ ಛಾಯಾಗ್ರಾಹಕ ಪಿಯೆರ್ ವೆರ್ಜೆ 1950ರ ದಶಕದಲ್ಲಿ ತಾನೇ ಬಾಬಲಾವೊ ದೀಕ್ಷೆ ಪಡೆದು, ಇಂಥ ಎಲೆ ಮತ್ತು ಮಾತುಗಳ ಜೋಡಿಗಳನ್ನು ದಶಕಗಳ ಕಾಲ ಕೂಡಿಹಾಕಿದ.

ಗಿಡದ ಹತ್ತಿರ ಹೋಗುವುದಕ್ಕೂ ರೀತಿನೀತಿ ಇದೆ. ಗುಲಾಮರ ಜೊತೆ ಈ ನಂಬಿಕೆ ಕ್ಯೂಬಾಕ್ಕೂ ಹೋಗಿತ್ತು. ಅಲ್ಲಿನ ಭಕ್ತರಿಂದ ಕೇಳಿ ಲೇಖಕಿ ಲಿಡಿಯಾ ಕಬ್ರೆರಾ 1954ರಲ್ಲಿ ಪ್ರಕಟಿಸಿದ ‘ಎಲ್ ಮೊಂತೆ’ ಪುಸ್ತಕದಲ್ಲಿ ಅದು ವಿವರವಾಗಿದೆ: ಕಾಡಿಗೆ ಮೊದಲು ನಮಸ್ಕಾರ, ಬಂದ ಕಾರಣದ ಅರಿಕೆ, ಕೀಳುವ ಎಲೆಗೆ ಬದಲಾಗಿ ಬುಡದಲ್ಲಿ ನಾಣ್ಯ. ಒಪ್ಪಿಗೆ ಕೇಳಲು ಯೊರೂಬಾ ನಾಡಿನಲ್ಲಿ ನಾಲ್ಕು ಹೋಳಿನ ಕೋಲಾಕಾಯಿಯನ್ನು ಬಿಡಿಸಿ ನೆಲಕ್ಕೆ ಬಿಡುತ್ತಾರೆ. ಎರಡು ಹೋಳು ಅಂಗಾತ, ಎರಡು ಬೋರಲು ಬಿದ್ದರೆ ಒಳ್ಳೆಯದು. ಮನೆಯ ಮಟ್ಟಿಗೆ ಆಚರಣೆ ಸರಳ. ಸಾಂಪ್ರದಾಯಿಕ ಯೊರೂಬಾ ವಾರಕ್ಕೆ ನಾಲ್ಕೇ ದಿನ, ಅದರಲ್ಲಿ ಒಂದು ಇಫಾದ್ದು. ಅಂದು ನೆಲಕ್ಕೆ ನೀರೆರೆದು, ಕೋಲಾಕಾಯಿ ಇಟ್ಟು ಪ್ರಾರ್ಥಿಸುತ್ತಾರೆ.

ಇಷ್ಟೊಂದು ಹೆಸರು ಹಿಡಿದು ಮಾಡುವ ಪೂಜೆ ಊರು ಬಿಟ್ಟರೆ ಉಳಿಯುತ್ತದೆಯೇ? ಗುಲಾಮರಾಗಿ ಸಾಗರ ದಾಟಿದವರಿಗೆ ಇದು ದಿನನಿತ್ಯದ ತೊಡಕಾಗಿತ್ತು. ಅವರ ದೈವವೃಕ್ಷ ಇರೋಕೊ ಅಮೆರಿಕ ಖಂಡದಲ್ಲಿ ಇರಲಿಲ್ಲ. ಕ್ಯೂಬಾದಲ್ಲಿ ಆ ಜಾಗಕ್ಕೆ ಬಿಳಿ ಬೂರುಗ ಬಂತು, ಬ್ರೆಜಿಲಿನಲ್ಲಿ ನಮ್ಮ ಆಲ ಅರಳಿಯ ಕುಲದ್ದೇ ಒಂದು ಮರ. ಹೊಸ ಮರಕ್ಕೆ ಹಳೆಯ ಹೆಸರಿಟ್ಟು ಕರೆದರು, ಮರ ಓಗೊಟ್ಟಿತು ಎನ್ನುತ್ತಾರೆ ಭಕ್ತರು.

ಹೊಳೆಗೆ ಮಾತ್ರ ಬದಲಿ ಹುಡುಕುವುದು ಕಷ್ಟ. ನೈಜೀರಿಯಾದ ಒಶೋಗ್ಬೊ ಊರಿನ ಅಂಚಿನಲ್ಲಿ, ದೇವಿಯೆಂದೇ ಪೂಜಿಸುವ ಒಶುನ್ ನದಿ ಹರಿಯುವ 75 ಹೆಕ್ಟೇರಿನ ದೇವರಕಾಡಿದೆ, 2005ರಿಂದ ವಿಶ್ವ ಪರಂಪರೆಯ ತಾಣ. ಆಸ್ಟ್ರಿಯಾದಿಂದ ಬಂದು ಅಲ್ಲೇ ನೆಲೆಸಿದ ಕಲಾವಿದೆ ಸೂಸನ್ ವೆಂಗರ್ ಸ್ಥಳೀಯ ಕುಶಲಕರ್ಮಿಗಳನ್ನು ಕೂಡಿಕೊಂಡು ಅಲ್ಲಿ ಗುಡಿ, ಶಿಲ್ಪಗಳನ್ನು ಕಟ್ಟದೆ ಹೋಗಿದ್ದರೆ ಆ ಕಾಡೂ ಕೊಡಲಿಗೆ ಸಿಗುತ್ತಿತ್ತೇನೊ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಹಬ್ಬ. ಅರುಗ್ಬಾ ಎಂಬ ಕನ್ಯೆ ಅರ್ಪಣೆಯ ಸೋರೆಬುರುಡೆಯನ್ನು ತಲೆಯ ಮೇಲೆ ಹೊತ್ತು ಹೊಳೆಗೆ ನಡೆಯುತ್ತಾಳೆ. ಮಕ್ಕಳ ಭಾಗ್ಯ ಬೇಡುವವರು ನೀರು ಕುಡಿದು, ಮನೆಗೂ ಒಯ್ಯುತ್ತಾರೆ. ಕೆಲವು ವರ್ಷಗಳಿಂದ ಮೇಲ್ಗಡೆಯ ಚಿನ್ನದ ಗಣಿಗಾರಿಕೆಯ ಕೆಸರಿನಿಂದ ನೀರು ಕಂದಾಗಿದೆ. 2022ರ ಹಬ್ಬಕ್ಕೆ ಮುಂಚೆ ರಾಜ್ಯ ಸರ್ಕಾರ ಇದನ್ನು ಕುಡಿಯಬೇಡಿ ಎಂದು ಎಚ್ಚರಿಸಿತು. ಜನ ಬಂದರು, ಒಶುನ್‌ಳನ್ನು ಹೆಸರು ಹಿಡಿದು ಕರೆದರು, ಆ ಕಂದು ನೀರನ್ನೇ ಡಬ್ಬಿಗಳಿಗೆ ತುಂಬಿಸಿಕೊಂಡರು.