ಕಬ್ಬಿನ ಟ್ರೇಲರ್ ಮಗುಚುವುದೇಕೆ? ಉತ್ತರ ಒಂದೇ ಬಿಂದುವಿನಲ್ಲಿ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಆಳೆತ್ತರ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲುಗಟ್ಟುತ್ತವೆ. ತಿರುವಿನಲ್ಲೋ ರಸ್ತೆಯಂಚಿನ ತಗ್ಗಿನಲ್ಲೋ ಇಂಥ ವಾಹನ ಮಗುಚಿದಾಗ ಎಲ್ಲರೂ ದೂರುವುದು ಅತಿಭಾರವನ್ನು. ಆದರೆ ಭಾರ ಎಷ್ಟಿದೆ ಎಂಬುದರ ಜತೆಗೆ ಅದು ಎಷ್ಟು ಎತ್ತರದಲ್ಲಿದೆ ಎಂಬುದೂ ಅಷ್ಟೇ ನಿರ್ಣಾಯಕ. ಇದನ್ನು ಅರಿಯಲು ಭೌತವಿಜ್ಞಾನದ 'ದ್ರವ್ಯರಾಶಿ ಕೇಂದ್ರ' ಎಂಬ ಪರಿಕಲ್ಪನೆ ನೆರವಾಗುತ್ತದೆ.

ಏನಿದು ದ್ರವ್ಯರಾಶಿ ಕೇಂದ್ರ?

ಯಾವುದೇ ವಸ್ತು ಅಸಂಖ್ಯ ಕಣಗಳಿಂದ ಕೂಡಿದೆ. ಪ್ರತಿ ಕಣದ ದ್ರವ್ಯರಾಶಿಗೆ ತಕ್ಕ ತೂಕ ನೀಡಿ ಅವೆಲ್ಲವುಗಳ ಸ್ಥಾನಗಳ ಸರಾಸರಿ ತೆಗೆದರೆ ದೊರೆಯುವ ಬಿಂದುವೇ ದ್ರವ್ಯರಾಶಿ ಕೇಂದ್ರ. ವಸ್ತುವಿನ ಇಡೀ ಭಾರ ಈ ಬಿಂದುವಿನಲ್ಲೇ ನೆಲೆಸಿದೆಯೆಂದು ಭಾವಿಸಿ ಲೆಕ್ಕ ಹಾಕಬಹುದು.

4 ಮೀಟರ್ ಉದ್ದದ ಹಲಗೆಯ ಒಂದು ತುದಿಯಲ್ಲಿ 60 ಕಿಲೋ ತೂಕದ ತಂದೆ, ಇನ್ನೊಂದು ತುದಿಯಲ್ಲಿ 20 ಕಿಲೋ ತೂಕದ ಮಗು ಕುಳಿತಿದ್ದಾರೆ ಎಂದಿಟ್ಟುಕೊಳ್ಳೋಣ. ಹಲಗೆಯ ತೂಕವನ್ನು ಬಿಟ್ಟರೆ, ದ್ರವ್ಯರಾಶಿ ಕೇಂದ್ರ ತಂದೆಯಿಂದ 1 ಮೀಟರ್, ಮಗುವಿನಿಂದ 3 ಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಆಧಾರ ಕೊಟ್ಟರೆ ಹಲಗೆ ಸಮತೋಲದಲ್ಲಿ ನಿಲ್ಲುತ್ತದೆ. ಈ ಬಿಂದು ವಸ್ತುವಿನೊಳಗೇ ಇರಬೇಕೆಂಬ ನಿಯಮವೇನೂ ಇಲ್ಲ. ಬಳೆಯ ದ್ರವ್ಯರಾಶಿ ಕೇಂದ್ರ ಅದರ ನಡುವಿನ ಬರಿದಾದ ಜಾಗದಲ್ಲಿದೆ.

ಉರುಳುವುದು ಯಾವಾಗ?

ದ್ರವ್ಯರಾಶಿ ಕೇಂದ್ರದಿಂದ ನೆಲಕ್ಕೆ ಎಳೆದ ಲಂಬರೇಖೆ ಚಕ್ರಗಳ ನಡುವೆ ಬೀಳುವವರೆಗೆ ನಿಂತ ವಾಹನ ಸುರಕ್ಷಿತ. ರೇಖೆ ಚಕ್ರದಿಂದಾಚೆ ಸರಿದರೆ ವಾಹನ ಉರುಳುವುದು ನಿಶ್ಚಿತ. ಎಡ-ಬಲ ಚಕ್ರಗಳ ಅಂತರ 2 ಮೀಟರ್, ಕೇಂದ್ರದ ಎತ್ತರ 1 ಮೀಟರ್ ಇದ್ದರೆ ವಾಹನ 45 ಡಿಗ್ರಿವರೆಗಿನ ವಾಲುವಿಕೆಯನ್ನು ತಾಳಬಲ್ಲದು. ಎತ್ತರ 2 ಮೀಟರಿಗೇರಿದರೆ ಈ ಮಿತಿ ಸುಮಾರು 27 ಡಿಗ್ರಿಗೆ ಇಳಿಯುತ್ತದೆ. ಟೈರು, ಸ್ಪ್ರಿಂಗ್‌ಗಳು ಒಂದು ಬದಿಗೆ ಕುಗ್ಗುವುದರಿಂದ ವಾಸ್ತವದ ಮಿತಿ ಇನ್ನೂ ಕಡಿಮೆ.

ತಿರುವಿನಲ್ಲಿ ಅಪಾಯ ಇಮ್ಮಡಿಸುತ್ತದೆ. ರಸ್ತೆಯ ಘರ್ಷಣೆ ಚಕ್ರಗಳನ್ನು ತಿರುವಿನತ್ತ ಎಳೆಯುತ್ತದೆ. ಮೇಲಿನ ಹೊರೆ ನೇರವಾಗಿ ಸಾಗಲು ಹವಣಿಸುತ್ತದೆ. ಅದೇ ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಉರುಳಿಸುವ ಪ್ರಭಾವ ನಾಲ್ಕು ಪಟ್ಟಾಗುತ್ತದೆ.

ಇತಿಹಾಸದ ಪಾಠ

ಸ್ವೀಡನ್ನಿನ ಯುದ್ಧನೌಕೆ ವಾಸಾ 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಲ್ಲಿ ತನ್ನ ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಮುಳುಗಿತು. ಎತ್ತರದ ಮೇಲ್ಭಾಗ ಹಾಗೂ ಫಿರಂಗಿಗಳ ಭಾರದಿಂದ ಅದರ ದ್ರವ್ಯರಾಶಿ ಕೇಂದ್ರ ಮೇಲೇರಿತ್ತು. ತಳದಲ್ಲಿ ತುಂಬಿದ ಕಲ್ಲಿನ ಭಾರ ಅದಕ್ಕೆ ಸಾಕಾಗಲಿಲ್ಲ. ಗಾಳಿಯ ಹೊಡೆತಕ್ಕೆ ಹಡಗು ವಾಲಿ, ಫಿರಂಗಿ ಕಿಂಡಿಗಳ ಮೂಲಕ ನೀರು ನುಗ್ಗಿತು. 1961ರಲ್ಲಿ ಮೇಲೆತ್ತಲಾದ ಈ ನೌಕೆ ಇಂದು ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕೆ ವ್ಯತಿರಿಕ್ತ ಉದಾಹರಣೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು. ಮೇಲಂತಸ್ತಿನಲ್ಲಿ ಪ್ರಯಾಣಿಕರಷ್ಟೇ ತೂಕದ ಹೊರೆಯಿಟ್ಟು 28 ಡಿಗ್ರಿ ವಾಲಿಸಿದರೂ ಅದು ಉರುಳಬಾರದೆಂಬುದು ಅಲ್ಲಿನ ಪರೀಕ್ಷೆ. ಎಂಜಿನ್, ಚಾಸಿಯಂಥ ಭಾರದ ಭಾಗಗಳೆಲ್ಲ ಕೆಳಗಿರುವುದರಿಂದ ಇದು ಸಾಧ್ಯವಾಗಿದೆ.

ಭಾರದ ಮೂಟೆ ಕೆಳಗೆ, ಹಗುರವಾದುದು ಮೇಲೆ; ಬಸ್ಸಿನ ಚಾವಣಿಯ ಮೇಲೆ ಜನರನ್ನು ಕೂರಿಸದಿರುವುದು; ತಿರುವಿಗೆ ಮುನ್ನವೇ ವೇಗ ತಗ್ಗಿಸುವುದು. ಈ ಮೂರೂ ನಿಯಮಗಳ ಹಿಂದಿರುವುದು ಕಣ್ಣಿಗೆ ಕಾಣದ ಆ ಒಂದೇ ಬಿಂದು.