ಕಿವಿ ಚುಚ್ಚಿಸಿದ ಮೇಲಿನ ಆರು ವಾರ

ಜುಲೈ ಹತ್ತಿರವಾದಂತೆ ನಮ್ಮ ಸಂಘದ ಮನೆಗಳಲ್ಲಿ ಎರಡು ಮಾತು ಏಳುತ್ತವೆ: ವಿಮಾನದ ಟಿಕೆಟ್ಟು, ಮಗುವಿನ ಕಿವಿ. ಊರಿಗೆ ಹೋದಾಗ ಸೋದರಮಾವನ ತೊಡೆಯ ಮೇಲೆ ಕೂರಿಸಿ ಅಕ್ಕಸಾಲಿಗರಿಂದ ಚುಚ್ಚಿಸುವುದೋ, ಇಲ್ಲೇ ಇಂಗ್ಲೆಂಡಿನ ಅಂಗಡಿಯಲ್ಲಿ ಮುಗಿಸುವುದೋ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಚುಚ್ಚುವುದು ಕ್ಷಣದ ಕೆಲಸ. ಆಮೇಲಿನ ಆರೈಕೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಮ್ಮ ಹಿರಿಯರು ಎತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ಕರ್ಣವೇಧದ ಕ್ರಮವೇ ಇದೆ. ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿ, ಆಟಿಕೆ ತೋರಿಸಿ ರಮಿಸುತ್ತ, ಹಾಲೆಯಲ್ಲಿ ಬಿಸಿಲು ತೂರಿ ಕಾಣುವ ಕಡೆ ಚುಚ್ಚಬೇಕು. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ. ಆಮೇಲೆ ಹತ್ತಿಯ ಬತ್ತಿ ಇಟ್ಟು, ಎಣ್ಣೆ ಹಾಕಿ, ಮೂರು ದಿನಕ್ಕೊಮ್ಮೆ ಬತ್ತಿ ಬದಲಿಸಬೇಕು. ಬತ್ತಿಯ ಜಾಗಕ್ಕೆ ನಮ್ಮ ಅಜ್ಜಿಯರ ಕಾಲಕ್ಕೆ ಬೇವಿನ ಕಡ್ಡಿ ಬಂತು, ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ ಬಂತು.

ಈ ಅರಿಶಿನ ಎಣ್ಣೆಯೇ ಅತ್ತೆ ಸೊಸೆಯರ ನಡುವೆ ವಾದಕ್ಕೆ ಕಾರಣವಾಗುವುದನ್ನು ನಾವು ಕಂಡಿದ್ದೇವೆ. ಹಿರಿಯರ ಅಕ್ಕರೆಯನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಹಸಿ ಗಾಯದ ಮೇಲೆ ಎಣ್ಣೆ ನಿಂತರೆ ಧೂಳು, ಹಕ್ಕಳೆ ಎಲ್ಲ ಅಲ್ಲೇ ಅಂಟಿ ಕೂರುತ್ತವೆ. ಡಬ್ಬಿಯ ಅರಿಶಿನ ಅಡಿಗೆಗೆ ಶುದ್ಧ, ಗಾಯಕ್ಕಲ್ಲ. ಸ್ಪಿರಿಟ್ಟು, ಹೈಡ್ರೋಜನ್ ಪೆರಾಕ್ಸೈಡುಗಳೂ ಬೇಡ. ಅವು ಹೊಸದಾಗಿ ಕೂಡುತ್ತಿರುವ ಚರ್ಮವನ್ನೇ ಸುಡುತ್ತವೆ. ಬೇಕಾದದ್ದು ಉಪ್ಪುನೀರು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಅಷ್ಟೇ. ಹೆಚ್ಚು ಹಾಕಿದರೆ ಹೆಚ್ಚು ಗುಣವಿಲ್ಲ, ಉರಿ ಮಾತ್ರ. ಕೆಮಿಸ್ಟರಲ್ಲಿ ಸಿಗುವ ಸಲೈನ್ ಇನ್ನೂ ಸುಲಭ. ಸೋಪಿನಿಂದ ಕೈ ತೊಳೆದು, ದಿನಕ್ಕೆರಡು ಸಲ ಹಿಂದೂ ಮುಂದೂ ನೆನೆಸಿ, ಕಾಗದದ ಟವೆಲಿನಿಂದ ಒತ್ತಿ ಒರೆಸಿದರಾಯಿತು. ಹತ್ತಿಯ ಎಳೆ ಓಲೆಗೆ ಸುತ್ತಿಕೊಳ್ಳುತ್ತದೆ.

ಓಲೆಯನ್ನು ದಿನವೂ ತಿರುಗಿಸಿ ಎಂದು ಕೆಲವರು ಹೇಳುತ್ತಾರೆ, ಬೇಡವೆಂದು ಇನ್ನು ಕೆಲವರು. ನಮಗೆ ಎರಡನೆಯದೇ ಸರಿ ಕಾಣುತ್ತದೆ. ತಿರುಗಿಸಿದಾಗಲೆಲ್ಲ ಒಳಗಿನ ಎಳೆಯ ಚರ್ಮ ಕಿತ್ತು ಬರುತ್ತದೆ. ತಿರುಪನ್ನೂ ಬಿಗಿಯಬಾರದು. ಮೊದಲ ದಿನಗಳಲ್ಲಿ ಹಾಲೆ ಊದುವುದರಿಂದ ಜಾಗ ಬಿಡದಿದ್ದರೆ ತಿರುಪು ಮಾಂಸದೊಳಕ್ಕೇ ಹೂತುಹೋದೀತು.

ಲೋಹದ ವಿಷಯದಲ್ಲಿ ಅಕ್ಕಸಾಲಿಗರ ಚಿನ್ನದ ತಂತಿಗೆ ನಮಸ್ಕಾರ ಹೇಳಬೇಕು. ಅಗ್ಗದ ಓಲೆಗಳಲ್ಲಿನ ನಿಕ್ಕಲ್ ಅನೇಕರಿಗೆ ತುರಿಕೆ ತರುತ್ತದೆ, ಒಮ್ಮೆ ಬಂದ ಆ ಒಗ್ಗದಿಕೆ ಸಾಮಾನ್ಯವಾಗಿ ಜನ್ಮಪೂರ್ತಿ ಉಳಿಯುತ್ತದೆ. ಯೂರೋಪು ಇದಕ್ಕೆ 1994ರಲ್ಲಿ ಕಾನೂನು ಮಾಡಿತು. ಒಳ್ಳೆಯ ಚಿನ್ನ ಅಥವಾ ಟೈಟಾನಿಯಂ ಆದರೆ ಚಿಂತೆ ಕಡಿಮೆ.

ಇಲ್ಲಿನ ಕೂಸುಗಳಿಗೆ 8, 12, 16ನೆಯ ವಾರಗಳಲ್ಲಿ ಧನುರ್ವಾಯುವಿನ ಲಸಿಕೆ ಆಗುತ್ತದೆ. 2017ರಿಂದ ಅದರಲ್ಲೇ ಹೆಪಟೈಟಿಸ್ ಬಿ ಕೂಡ ಸೇರಿದೆ. ಈ ಮೂರೂ ಮುಗಿದ ಮೇಲೆಯೇ ಚುಚ್ಚಿಸುವುದು ಲೇಸು. ಎಲ್ಲೇ ಚುಚ್ಚಿಸಿದರೂ ಸೂಜಿ ಹೊಸದೇ ಎಂದು ಕೇಳಲು ಸಂಕೋಚ ಬೇಡ. ಊರಿನಲ್ಲಾದರೆ ಇಳಿದ ಮೊದಲ ವಾರವೇ ಆಗಲಿ. ಹೊರಡುವ ಹಿಂದಿನ ದಿನ ಚುಚ್ಚಿಸಿ, ಊದಿದ ಕಿವಿಯ ಮಗುವನ್ನು ಹತ್ತು ಗಂಟೆ ವಿಮಾನದಲ್ಲಿ ಎತ್ತಿಕೊಂಡು ಬರುವ ಪಾಡು ವೈರಿಗೂ ಬೇಡ.

ಶಾಲೆಯ ಮಕ್ಕಳಿಗಂತೂ ರಜೆಯ ಮೊದಲ ದಿನವೇ ಸುಮುಹೂರ್ತ. ಹಾಲೆ ಮಾಯಲು ಸುಮಾರು ಆರು ವಾರ ಬೇಕು, ಬೇಸಿಗೆ ರಜೆಯೂ ಹೆಚ್ಚು ಕಡಿಮೆ ಅಷ್ಟೇ. ಸೆಪ್ಟೆಂಬರಿನಲ್ಲಿ ಚುಚ್ಚಿಸಿದರೆ ಆಟದ ತರಗತಿಯ ಮೇಷ್ಟರು ಓಲೆ ತೆಗೆ ಎನ್ನುತ್ತಾರೆ. ಹಸಿ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಮಾಯುವ ತನಕ ಈಜುಕೊಳವೂ ಬೇಡ.

ಚುಚ್ಚಿದ ಜಾಗದಲ್ಲಿ ತೆಳ್ಳಗಿನ ಬಿಳಿಯ ನೀರು ಒಸರಿ ಹಕ್ಕಳೆಗಟ್ಟುವುದು ಸಹಜ, ಅದು ಕೀವಲ್ಲ. ದಪ್ಪಗೆ ಹಳದಿ ಹಸಿರಾಗಿ ವಾಸನೆ ಬಂದರೆ ಕೀವು. ಇಲ್ಲಿಯ ಕರಪತ್ರಗಳಲ್ಲಿ ಕೆಂಪಾಗುವುದನ್ನು ನೋಡಿ ಎಂದಿರುತ್ತದೆ, ಆದರೆ ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಎದ್ದು ಕಾಣುವುದಿಲ್ಲ. ಕೈ ತೊಳೆದು ಬೆರಳಿನ ಹಿಂಬದಿ ತಾಗಿಸಿ ನೋಡಿ: ಬಿಸಿ, ಊತ, ದಿನೇದಿನೇ ಏರುವ ನೋವು ಇದ್ದರೆ ಡಾಕ್ಟರನ್ನು ಕಾಣಿರಿ. ಜ್ವರ ಬಂದರೆ ತಡಮಾಡಲೇಬೇಡಿ. ಗಾಬರಿಯಲ್ಲಿ ಓಲೆಯನ್ನು ನೀವಾಗಿ ಕಿತ್ತುಬಿಡಬೇಡಿ. ತೂತು ಮುಚ್ಚಿ ಕೀವು ಒಳಗೇ ಉಳಿಯುತ್ತದೆ.

ದೊಡ್ಡ ಹುಡುಗಿಯರು ಈಗ ಕಿವಿಯ ಮೇಲ್ಭಾಗಕ್ಕೂ ಆಸೆಪಡುತ್ತಾರೆ. ಅದು ಮೆಲ್ಲೆಲುಬು, ರಕ್ತ ಹರಿಯುವುದು ಕಡಿಮೆ, ಮಾಯಲು ಆರು ತಿಂಗಳಿಂದ ವರ್ಷ ಹಿಡಿಯಬಹುದು. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಟ್ಟೀತು, ಆದ್ದರಿಂದ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಮೊಂಡು ಓಲೆಯನ್ನು ಒತ್ತಿ ತೂರಿಸುವ ಪಿಸ್ತೂಲು ಆ ಜಾಗಕ್ಕೆ ಸಲ್ಲದು, ಟೊಳ್ಳು ಸೂಜಿಯೇ ಆಗಬೇಕು. ಮನೆಯಲ್ಲಿ ಯಾರಿಗಾದರೂ ಗಾಯದ ಮೇಲೆ ಗಂಟುಗಂಟಾಗಿ ಮಾಂಸ ಬೆಳೆಯುವ ಸ್ವಭಾವವಿದ್ದರೆ ಮೊದಲೇ ವೈದ್ಯರನ್ನು ಕೇಳಿ.

ಇನ್ನು ಗಂಡುಮಕ್ಕಳು. ಶಾಸ್ತ್ರಕ್ಕೆ ಚುಚ್ಚಿಸಿ ಶಾಲೆಗೆ ಹೋಗುವ ಮೊದಲು ತೆಗೆಯುವವರು ನಮ್ಮಲ್ಲಿ ಬಹಳ. ಅದರಲ್ಲಿ ತಪ್ಪೇನಿಲ್ಲ. ಪೂರ್ತಿ ಮಾದ ಮೇಲೆ ತೆಗೆದರೆ, ಹಾಲೆಯ ಮೇಲೆ ಸಣ್ಣದೊಂದು ಚುಕ್ಕೆ ಉಳಿದೀತು, ಅಷ್ಟೇ.