ಸರ್ವೆ ನಂಬರು ತಪ್ಪಿದರೆ

ರೋಣದ ಕಡೆ ಸಗಣಿ ಸಾರಿಸಿದ ಕಣ ಈಗ ಅಪರೂಪ. ನಡುವೆ ಮೇಟಿ ನೆಟ್ಟು ಸುತ್ತ ಎತ್ತು ಹೊಡೆಯುತ್ತಿದ್ದ ಆ ದುಂಡನೆಯ ಕಣ ಕಂಡವರಿಗೆ ಬಾಂಬಿನ ನಿಖರತೆ ತಿಳಿಸುವುದು ಸುಲಭ. ಮೇಟಿಯೇ ಗುರಿ ಎನ್ನಿ. ಹಾಕಿದ ಬಾಂಬುಗಳಲ್ಲಿ ಅರ್ಧ ಎಷ್ಟು ಅಗಲದ ಕಣದೊಳಗೆ ಬೀಳುತ್ತವೆ ಎಂಬುದೇ ಅದರ ಲೆಕ್ಕ. ಉಳಿದರ್ಧ ಕಣದಾಚೆ. ಟಿವಿಯಲ್ಲಿ ಗಂಟಲು ಹರಿದುಕೊಳ್ಳುವವರು ಈ ಅರ್ಧದ ಸುದ್ದಿ ಎತ್ತುವುದಿಲ್ಲ.

ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಡಿಇ ರೂಪಿಸಿದ ‘ಸುದರ್ಶನ’ ಒಡಿಶಾದ ಚಾಂದಿಪುರದಲ್ಲಿ 2010ರಲ್ಲಿ ಪರೀಕ್ಷೆಗಿಳಿಯಿತು. ಮೇಟಿಯಿಂದ ಅಂಚಿಗೆ 10 ಮೀಟರಿಗೂ ಕಡಿಮೆ ಇರಬೇಕು ಎಂಬುದು ಅದರ ಹಟ. ಅದು ಹೊಸ ಬಾಂಬಲ್ಲ. 450 ಕಿಲೋದ ಸಾದಾ ಬಾಂಬಿನ ಮೂತಿಗೆ ಲೇಸರ್ ಕಾಣುವ ಕಣ್ಣು, ಜೊತೆಗೆ ರೆಕ್ಕೆ ಜೋಡಿಸುವ ಕಿಟ್. ಗುರಿಯ ಮೇಲೆ ಲೇಸರ್ ಬಿಡುತ್ತಾರೆ, ಬೆಳಕು ಪುಟಿದತ್ತ ಬಾಂಬು ವಾಲಿಕೊಂಡು ಇಳಿಯುತ್ತದೆ. 1999ರಲ್ಲಿ ಟೈಗರ್ ಹಿಲ್ ಮೇಲೆ ಮಿರಾಜ್ ವಿಮಾನಗಳು ಬಳಸಿದ್ದೂ ಇಂಥದೇ ವಿದ್ಯೆ. ಮೋಡ ಕವಿದರೆ ಮಾತ್ರ ಆ ಕಣ್ಣು ಕುರುಡು.

ಮೇಟಿಗೇ ತಾಗಿದರೂ ಚೂರುಗಳು ಕಣದ ಅಂಚಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಅಮೆರಿಕದವರು ಸ್ಫೋಟಕವೇ ಇಲ್ಲದ, ಅಲಗುಗಳನ್ನು ಬಿಚ್ಚಿಕೊಂಡು ಬೀಳುವ ಆರ್9ಎಕ್ಸ್ ಎಂಬ ಕ್ಷಿಪಣಿ ಮಾಡಿಕೊಂಡರು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಗಜೇಂದ್ರಗಡದ ಹತ್ತಿರ ನಮ್ಮ ಬಳಗದವರ ಹೊಲ ಅಳೆಯಲು ಬಂದ ಮೋಜಣಿದಾರ ಒಂದು ಗೇಣೂ ಹೆಚ್ಚುಕಡಿಮೆಯಾಗದಂತೆ ಅಳೆದ. ಬಾಂದುಕಲ್ಲು ನೆಟ್ಟ. ಆಮೇಲೆ ಕಾಕಾ ಉತಾರ ತೆಗೆದು ನೋಡಿದರೆ, ಅಳೆದದ್ದು ಪಕ್ಕದವರ ಸರ್ವೆ ನಂಬರು!

1999ರ ಮೇ 7ರ ರಾತ್ರಿ ಬೆಲ್‌ಗ್ರೇಡ್‌ನಲ್ಲಿ ಆದದ್ದೂ ಅದೇ. ಅಮೆರಿಕದ ಬಿ-2 ವಿಮಾನ ಹಾಕಿದ, ಉಪಗ್ರಹ ದಾರಿ ತೋರುವ ಐದು ಬಾಂಬುಗಳು ಹೇಳಿದ ಕಟ್ಟಡಕ್ಕೇ ಬಡಿದವು. ಹೊಡೆಯಬೇಕಿದ್ದುದು ಯುಗೊಸ್ಲಾವಿಯದ ಶಸ್ತ್ರ ಖರೀದಿ ಕಚೇರಿ. ನಕಾಶೆ ಹಳತಾಗಿತ್ತು, ಬಿದ್ದದ್ದು ಚೀನಾದ ರಾಯಭಾರ ಕಚೇರಿ. ಮೂವರು ಪತ್ರಕರ್ತರು ಸತ್ತರು. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಡ್ರೋನ್ ಕ್ಷಿಪಣಿ ಬಿಳಿ ಕಾರೊಂದಕ್ಕೆ ತಪ್ಪದೆ ತಗುಲಿತು. ಸತ್ತವರು ಹತ್ತು ಮಂದಿ ಸಾಮಾನ್ಯರು, ಅವರಲ್ಲಿ ಏಳು ಮಕ್ಕಳು. ಮೂರು ವಾರದೊಳಗೆ ಪೆಂಟಗನ್ ತಪ್ಪೊಪ್ಪಿಕೊಂಡಿತು.

ನರಗುಂದದ ಗುಡ್ಡವನ್ನು 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿದಾಗ, ಕೋಟೆಯೊಳಗೆ ಯಾರಿದ್ದಾರೆಂದು ಕೇಳುವ ಗುಂಡು ಇರಲಿಲ್ಲ. ಈಗಿನದೂ ಕೇಳುವುದಿಲ್ಲ, ಕೊಟ್ಟ ನಂಬರಿಗೆ ಹೋಗುತ್ತದೆ.

ಗಜೇಂದ್ರಗಡದ ಆ ಕಲ್ಲನ್ನು ಮರುವಾರ ಕಿತ್ತು ನಮ್ಮ ಬದುವಿಗೆ ನೆಟ್ಟರು.